ಧೃತರಾಷ್ಟ್ರಾಲಿಂಗನ: ಅಂಗಳದ ಬಳ್ಳಿಗಳ ಅಂದ ಮತ್ತು ಅಪಾಯ

ಕನ್ನಡ ನಾಡಿನ ಮನೆಗೂ ಬಳ್ಳಿಗೂ ಇರುವ ನಂಟು ಬಹು ಹಳೆಯದು. ಹಿತ್ತಲಿನ ಚಪ್ಪರದ ಮೇಲೆ ಹೀರೆ, ಹಾಗಲ, ಅವರೆ. ಬಚ್ಚಲ ನೀರು ಹರಿಯುವಲ್ಲಿ ಬಸಳೆ. ಮುಂಬಾಗಿಲಿನ ಪಕ್ಕದಲ್ಲಿ ಮಲ್ಲಿಗೆ ಇಲ್ಲವೆ ಜಾಜಿ. ತೋಟವುಳ್ಳವರಲ್ಲಿ ಅಡಕೆಯ ಮರವನ್ನಪ್ಪಿದ ವೀಳ್ಯದೆಲೆ ಮತ್ತು ಮೆಣಸು. ಬಳ್ಳಿಯಿಲ್ಲದ ಮನೆಯಂಗಳವನ್ನು ಊಹಿಸಿಕೊಳ್ಳುವುದೇ ಕಷ್ಟ. ಹೆಣ್ಣುಮಗುವಿಗೆ ಲತೆಯೆಂದು ಹೆಸರಿಡುವ, ಮನೆತನದ ಮುಂದಿನ ಪೀಳಿಗೆಯನ್ನು ವಂಶದ ಕುಡಿಯೆಂದು ಕರೆಯುವ ಈ ಜನರ ಭಾಷೆಯಲ್ಲಿಯೂ ಬಳ್ಳಿ ಹಬ್ಬಿಕೊಂಡಿದೆ.

ಈ ಪ್ರೀತಿಯ ಜೊತೆಗೆ ಒಂದು ಎಚ್ಚರವೂ ಇರಬೇಕಾದ ಕಾಲ ಬಂದಿದೆ. ತರಕಾರಿಗೂ ಪೂಜೆಯ ಹೂವಿಗೂ ಬೆಳೆಸುತ್ತಿದ್ದ ಬಳ್ಳಿಗಳ ಸ್ಥಾನದಲ್ಲಿ, ಕೇವಲ ಅಲಂಕಾರಕ್ಕಾಗಿ ದೂರದ ದೇಶಗಳಿಂದ ಬಂದ ಬಳ್ಳಿಗಳು ಕಾಣಿಸಿಕೊಳ್ಳುತ್ತಿವೆ. ನರ್ಸರಿಯಲ್ಲಿ ಹೂವಿನ ಬಣ್ಣವನ್ನು ನೋಡಿ ಒಬ್ಬರು ಕೊಳ್ಳುತ್ತಾರೆ; ನೆರೆಮನೆಯವರು "ನಮಗೂ ಒಂದು ಕಡ್ಡಿ ಕೊಡಿ" ಎಂದು ಕೇಳಿ ಒಯ್ಯುತ್ತಾರೆ; ನೆಂಟರ ಮೂಲಕ ಅದೇ ಕಡ್ಡಿ ಇನ್ನೊಂದು ಊರು ಸೇರುತ್ತದೆ. ಇಂಥ ಬಳ್ಳಿಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಆದರೆ ಕೆಲವು ಬೇಲಿಯನ್ನು ದಾಟಿ, ಹಳ್ಳ ಹಿಡಿದು, ಕಾಡನ್ನು ಸೇರಿ, ನೆಟ್ಟವರು ಕನಸಿನಲ್ಲಿಯೂ ಎಣಿಸದ ಹಾನಿಯನ್ನು ಮಾಡುತ್ತವೆ. ಆ ಹಾನಿಯ ಭಾರವು ನೆಟ್ಟವರ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿ ನೆಡದವರ ಮೇಲೆ ಬೀಳುತ್ತದೆ. ಆದ್ದರಿಂದ ಈ ವಿಷಯವು ತೋಟಗಾರಿಕೆಯ ರುಚಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಬಳ್ಳಿಯ ಬದುಕಿನ ಬಗೆ

ಮರವು ತಾನು ಸಿದ್ಧಪಡಿಸಿದ ಆಹಾರದ ದೊಡ್ಡ ಪಾಲನ್ನು ಕಾಂಡವನ್ನು ದಪ್ಪವಾಗಿಯೂ ಗಟ್ಟಿಯಾಗಿಯೂ ಬೆಳೆಸುವುದಕ್ಕೆ ವೆಚ್ಚಮಾಡುತ್ತದೆ. ಬಳ್ಳಿಗೆ ಆ ವೆಚ್ಚವಿಲ್ಲ. ಅದು ಇನ್ನೊಂದರ ಆಸರೆಯಿಂದ ಮೇಲೇರುವುದರಿಂದ, ತನ್ನ ಶಕ್ತಿಯನ್ನು ಉದ್ದಕ್ಕೆ ಬೆಳೆಯುವುದರಲ್ಲಿಯೂ ಎಲೆಗಳನ್ನು ಹರಡುವುದರಲ್ಲಿಯೂ ತೊಡಗಿಸುತ್ತದೆ. ಮರವು ಅನೇಕ ವರ್ಷಗಳಲ್ಲಿ ಮುಟ್ಟುವ ಎತ್ತರವನ್ನು ಬಳ್ಳಿ ಕೆಲವೇ ತಿಂಗಳುಗಳಲ್ಲಿ ಮುಟ್ಟಬಲ್ಲುದು.

ಈ ಏರುವಿಕೆಯ ವಿಧಾನಗಳು ಹಲವು. ಪ್ರಸಿದ್ಧ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಈ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ, 1875ರಲ್ಲಿ ಒಂದು ಪ್ರತ್ಯೇಕ ಗ್ರಂಥವನ್ನೇ ಹೊರತಂದನು. ಅವರೆಯಂಥವು ಕಾಂಡದಿಂದಲೇ ಆಸರೆಯನ್ನು ಸುತ್ತಿಕೊಳ್ಳುತ್ತವೆ. ಹೀರೆ, ಹಾಗಲ, ತೊಂಡೆಗಳು ಸುರುಳಿಯಾದ ಎಳೆಗಳನ್ನು ಚಾಚಿ ಹಿಡಿಯುತ್ತವೆ. ವೀಳ್ಯದೆಲೆಯೂ ಮೆಣಸೂ ಗೆಣ್ಣುಗಳಲ್ಲಿ ಸಣ್ಣ ಬೇರುಗಳನ್ನು ಬಿಟ್ಟು ಮರಕ್ಕೆ ಅಂಟಿಕೊಳ್ಳುತ್ತವೆ. ಇನ್ನು ಕೆಲವು ಬೆಕ್ಕಿನ ಉಗುರಿನಂಥ ಕೊಕ್ಕೆಗಳಿಂದ ಗೋಡೆಯನ್ನೂ ತೊಗಟೆಯನ್ನೂ ಕಚ್ಚಿ ಹಿಡಿಯುತ್ತವೆ.

ಆಸರೆ ಕೊಟ್ಟ ಮರಕ್ಕೆ ಬಳ್ಳಿಯಿಂದ ಕೇಡಾಗುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಮೊದಲನೆಯದು, ಬೆಳಕಿನ ಅಪಹರಣ. ಮರದ ನೆತ್ತಿಯ ಮೇಲೆ ಬಳ್ಳಿ ಎಲೆಗಳ ಹೊದಿಕೆಯನ್ನು ಹಾಸಿದಾಗ, ಕೆಳಗಿನ ಎಲೆಗಳು ಸೂರ್ಯನನ್ನು ಕಾಣದೆ ಸೊರಗುತ್ತವೆ. ಎರಡನೆಯದು, ಭಾರ. ಮಳೆಯಲ್ಲಿ ನೆನೆದ ಬಳ್ಳಿಯ ಹೊರೆಯನ್ನು ತಾಳಲಾರದೆ ಕೊಂಬೆಗಳು ಮುರಿಯುತ್ತವೆ. ಗಾಳಿಗೆ ಮರವೇ ಉರುಳುವುದೂ ಉಂಟು. ಹುಟ್ಟಿದ ನೆಲದಲ್ಲಿ ಬಳ್ಳಿಯ ಈ ಸ್ವಭಾವಕ್ಕೆ ಕಡಿವಾಣವಿರುತ್ತದೆ. ಅಲ್ಲಿ ಅದನ್ನು ತಿನ್ನುವ ಹುಳುಗಳಿವೆ, ಅದಕ್ಕೆ ರೋಗ ತರುವ ಶಿಲೀಂಧ್ರಗಳಿವೆ, ಅದರೊಡನೆ ಸ್ಪರ್ಧಿಸಲು ಕಲಿತ ನೆರೆಯ ಸಸ್ಯಗಳಿವೆ. ಸಾಗರದಾಚೆಗೆ ಒಯ್ದು ನೆಟ್ಟಾಗ ಬಳ್ಳಿ ಮಾತ್ರ ಬರುತ್ತದೆ. ಅದರ ಶತ್ರುಗಳು ಹಿಂದೆಯೇ ಉಳಿಯುತ್ತವೆ.

ಪರದೇಶದ್ದೆಲ್ಲ ಕೆಟ್ಟದ್ದಲ್ಲ

ಹಾಗೆಂದು ಹೊರಗಿನಿಂದ ಬಂದುದೆಲ್ಲವೂ ಅಪಾಯಕರವೆಂದು ತಿಳಿಯುವುದು ಸರಿಯಲ್ಲ. ಸೀಮೆಬದನೆಯು ಹೆಸರೇ ಹೇಳುವಂತೆ ಪರದೇಶದ ಬಳ್ಳಿ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಡುಗೆಮನೆಯಲ್ಲಿ ನಿತ್ಯ ಬಳಕೆಯ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆಗಳೂ ಅಮೆರಿಕ ಖಂಡದಿಂದ ಬಂದವುಗಳೇ. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು ಪ್ರಕಟಿಸಿದ ವರದಿಯ ಪ್ರಕಾರ, ಮಾನವನ ಚಟುವಟಿಕೆಯಿಂದ ಜಗತ್ತಿನಲ್ಲಿ ಸ್ಥಳಾಂತರಗೊಂಡು ನೆಲೆಸಿದ ಜೀವಜಾತಿಗಳು 37,000ಕ್ಕೂ ಮಿಗಿಲು. ಅವುಗಳಲ್ಲಿ ಹಾನಿಕರವೆಂದು ಗುರುತಿಸಲ್ಪಟ್ಟವು 3,500ಕ್ಕೂ ಹೆಚ್ಚು. ಅಂದರೆ ಸುಮಾರು ಹತ್ತರಲ್ಲಿ ಒಂದು. ಆ ಒಂದನ್ನು ಗುರುತಿಸುವ ವಿವೇಕವೇ ಇಲ್ಲಿ ಬೇಕಾದುದು.

ದೋಷವು ಬಳ್ಳಿಯಲ್ಲಿಲ್ಲ, ಅದನ್ನು ನೆಟ್ಟ ಸ್ಥಳದಲ್ಲಿದೆ ಎಂಬುದಕ್ಕೆ ಭಾರತದ ಬಳ್ಳಿಗಳೇ ಸಾಕ್ಷಿ. ಸಂಸ್ಕೃತ ಕವಿಗಳು ಬಾಯ್ತುಂಬ ಹೊಗಳಿದ ಮಾಧವೀಲತೆಯು ಇಲ್ಲಿಯ ಕಾಡುಗಳಲ್ಲಿ ಯಾರಿಗೂ ತೊಂದರೆಯಿಲ್ಲದೆ ಅರಳುತ್ತದೆ. ಅದೇ ಲತೆಯು ಹಿಂದೂ ಮಹಾಸಾಗರದ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳನ್ನು ಸೇರಿದ ಮೇಲೆ ಅಲ್ಲಿಯ ಮೂಲ ಅರಣ್ಯಕ್ಕೆ ಕಂಟಕವಾಯಿತು. ಜಗತ್ತಿನ ಅತಿ ಹಾನಿಕರವಾದ 100 ಆಕ್ರಮಣಕಾರಿ ಜೀವಜಾತಿಗಳ ಪ್ರಸಿದ್ಧ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಉತ್ತರ ಭಾರತ ಮತ್ತು ಬರ್ಮಾ ಕಡೆಯ, ನೀಲಿ ಹೂವಿನ ಥನ್‌ಬರ್ಜಿಯ ಗ್ರ್ಯಾಂಡಿಫ್ಲೋರ ಎಂಬ ಬಳ್ಳಿಯು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಮಳೆಕಾಡುಗಳಲ್ಲಿ ಮರಗಳನ್ನು ಮುಚ್ಚಿ ಉಪದ್ರವಕಾರಿಯಾಗಿದೆ. ಇಲ್ಲಿಯ ಸಾಧು ಅಲ್ಲಿ ಉಪದ್ರವಿ. ಅಲ್ಲಿಯ ಸಾಧು ಇಲ್ಲಿ ಉಪದ್ರವಿಯಾಗಬಾರದೆಂಬ ನಿಯಮವೇನೂ ಇಲ್ಲ.

ಹೊರದೇಶಗಳ ಎರಡು ಪಾಠಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಕುಡ್ಜು ಬಳ್ಳಿಯ ಕಥೆಯು ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದುದು. 1876ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ಜಪಾನಿ ವಿಭಾಗದಲ್ಲಿ ಈ ಬಳ್ಳಿ ಮೊದಲು ಜನರ ಕಣ್ಣಿಗೆ ಬಿದ್ದಿತು. ಪರಿಮಳದ ನೇರಳೆ ಹೂವು, ಅಗಲವಾದ ಎಲೆ, ದಟ್ಟವಾದ ನೆರಳು. ದಕ್ಷಿಣದ ರಾಜ್ಯಗಳಲ್ಲಿ ಮನೆಯ ಮೊಗಸಾಲೆಗೆ ತಂಪು ನೀಡಲೆಂದು ಅದನ್ನು ನೆಟ್ಟರು. 1930ರ ದಶಕದಲ್ಲಿ ಮಣ್ಣಿನ ಸವೆತವು ರೈತರನ್ನು ಕಂಗೆಡಿಸಿದಾಗ ಸರ್ಕಾರವೇ ಕೋಟಿಗಟ್ಟಲೆ ಸಸಿಗಳನ್ನು ಹಂಚಿ, ನೆಟ್ಟವರಿಗೆ ಎಕರೆಗೆ 8 ಡಾಲರುಗಳವರೆಗೆ ಸಹಾಯಧನವನ್ನೂ ಕೊಟ್ಟಿತು. ಬೇಸಗೆಯಲ್ಲಿ ದಿನಕ್ಕೆ ಒಂದು ಅಡಿಯವರೆಗೂ ಬೆಳೆಯಬಲ್ಲ ಆ ಬಳ್ಳಿ ಹೊಲದ ಅಂಚಿನಲ್ಲಿ ನಿಲ್ಲಲಿಲ್ಲ. ಮರಗಳನ್ನೂ ತಂತಿಕಂಬಗಳನ್ನೂ ಪಾಳುಬಿದ್ದ ಮನೆಗಳನ್ನೂ ಮುಚ್ಚಿತು. 1953ರಲ್ಲಿ ಅದನ್ನು ಶಿಫಾರಸಿನ ಪಟ್ಟಿಯಿಂದ ಸರ್ಕಾರ ತೆಗೆದುಹಾಕಿತು. 1970ರಲ್ಲಿ ಕಳೆಯೆಂದು ಸಾರಿತು. ಅಷ್ಟು ಹೊತ್ತಿಗೆ ಮಾತು ಕೈಮೀರಿತ್ತು. ಒಳ್ಳೆಯ ಉದ್ದೇಶವೊಂದರಿಂದಲೇ ಒಳ್ಳೆಯ ಫಲ ಬರುವುದಿಲ್ಲವೆಂಬುದು ಈ ಕಥೆಯ ಸಾರ.

ಎರಡನೆಯದು ರಬ್ಬರ್ ಬಳ್ಳಿ. ಕ್ರಿಪ್ಟೊಸ್ಟೀಜಿಯ ಗ್ರ್ಯಾಂಡಿಫ್ಲೋರ ಎಂಬುದು ಇದರ ಶಾಸ್ತ್ರೀಯ ನಾಮ. ಮಡಗಾಸ್ಕರ್ ದ್ವೀಪ ಇದರ ತವರು. ತಿಳಿನೇರಳೆಯ ದೊಡ್ಡ ಹೂವು, ಹೊಳೆಯುವ ಎಲೆ, ಮುರಿದಲ್ಲೆಲ್ಲ ಒಸರುವ ಬಿಳಿಯ ಹಾಲು ಇದರ ಗುರುತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕ್ವೀನ್ಸ್‌ಲೆಂಡಿನ ಜನ ಇದನ್ನು ಅಲಂಕಾರಕ್ಕಾಗಿ ತರಿಸಿ ಬೆಳೆಸಿದರು. ನೀರಿಲ್ಲದ ಬಿರುನೆಲದಲ್ಲಿಯೂ ಹಸುರಾಗಿರುತ್ತದೆಂಬುದೇ ಅದರ ಹಿರಿಮೆಯಾಗಿತ್ತು. ಕಾಯಿ ಒಡೆದಾಗ ರೇಷ್ಮೆಯಂಥ ಕೂದಲುಳ್ಳ ಬೀಜಗಳು ಗಾಳಿಯಲ್ಲಿ ತೇಲಿ, ನದಿಯಲ್ಲಿ ಹರಿದು, ದಡದ ಮರಗಳನ್ನೆಲ್ಲ ಆಕ್ರಮಿಸಿದವು. ಇಡೀ ಸಸ್ಯವೇ ವಿಷ; ಅದನ್ನು ತಿಂದ ದನ, ಕುದುರೆಗಳು ಸಾಯುತ್ತವೆ. ಕೊನೆಗೆ ಮಡಗಾಸ್ಕರಿನಿಂದಲೇ ಅದರ ಸಹಜ ಶತ್ರುವಾದ ತುಕ್ಕುರೋಗದ ಶಿಲೀಂಧ್ರವನ್ನು ತಂದು, 1995ರಿಂದ ಬಿಡುಗಡೆ ಮಾಡಿದ ಮೇಲೆ ಅದರ ಅಬ್ಬರ ಗಣನೀಯವಾಗಿ ತಗ್ಗಿತು. ಹೂತೋಟದ ಒಂದು ಆಸೆಯು ನೂರಕ್ಕೂ ಹೆಚ್ಚು ವರ್ಷಗಳ ಶ್ರಮಕ್ಕೆ ಕಾರಣವಾಯಿತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ

ಇವೆಲ್ಲ ದೂರದ ಮಾತೆಂದು ಸಮಾಧಾನ ಪಡುವಂತಿಲ್ಲ. 19ನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದ ಲಂಟಾನವು ಮೊದಲು ತೋಟಗಳ ಅಂದಕ್ಕೂ ಆಮೇಲೆ ಬೇಲಿಗೂ ಬಳಕೆಯಾಯಿತು. ಅದು ನಿಜವಾದ ಬಳ್ಳಿಯಲ್ಲ. ಆದರೆ ಆಸರೆ ಸಿಕ್ಕಲ್ಲಿ ಬಳ್ಳಿಯಂತೆಯೇ ಮರವೇರುವ ಪೊದೆ. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಒಯ್ದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ ಹುಲಿಗಳ ನೆಲೆಯಾದ ಅರಣ್ಯಗಳ ಶೇಕಡಾ 40ಕ್ಕೂ ಹೆಚ್ಚು ಭಾಗದಲ್ಲಿ ಲಂಟಾನ ಹರಡಿಕೊಂಡಿದೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರ ಅಡಿಯಲ್ಲಿ ಹುಲ್ಲು ಬೆಳೆಯದು. ಅದರ ಎಲೆ ಜಾನುವಾರುಗಳಿಗೆ ವಿಷ. ಮಲೆ ಮಹದೇಶ್ವರ ಬೆಟ್ಟದ ಕಡೆಯ ಗಿರಿಜನರು ಅದರ ಕಡ್ಡಿಗಳಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆದು ಜೀವನೋಪಾಯ ಕಂಡುಕೊಂಡಿರುವುದು ಮೆಚ್ಚತಕ್ಕ ವಿಷಯ. ಆದರೆ ಕಾಡಿನಲ್ಲಿ ಹಬ್ಬಿರುವುದರ ಮುಂದೆ ಅವರು ಬಳಸುವುದು ಅತ್ಯಲ್ಪ.

ಮಿಕಾನಿಯ ಮೈಕ್ರಾಂತ ಎಂಬ ಇನ್ನೊಂದು ಬಳ್ಳಿ ಉಷ್ಣವಲಯದ ಅಮೆರಿಕದಿಂದ 1940ರ ದಶಕದಲ್ಲಿ ಭಾರತಕ್ಕೆ ಬಂದಿತು. ಅಸ್ಸಾಮಿನ ಚಹಾ ತೋಟಗಳು, ಪಶ್ಚಿಮ ಘಟ್ಟದ ತೋಟಗಳು ಮತ್ತು ಕಾಡಂಚುಗಳು ಅದರ ಹಾವಳಿಗೆ ಒಳಗಾಗಿವೆ. ಕೊಡಗಿನಲ್ಲಿಯೂ ಅದು ಕಾಣಿಸಿಕೊಂಡಿದೆ. ನೆಲಕ್ಕೆ ತಾಗಿದ ಪ್ರತಿಯೊಂದು ಗೆಣ್ಣಿನಿಂದಲೂ ಬೇರು ಬಿಡುವುದರಿಂದ, ಕತ್ತರಿಸಿ ಎಸೆದ ತುಂಡುಗಳೂ ಹೊಸ ಬಳ್ಳಿಗಳಾಗುತ್ತವೆ. 2005 ಮತ್ತು 2006ರಲ್ಲಿ ಅಸ್ಸಾಂ ಹಾಗೂ ಕೇರಳಗಳಲ್ಲಿ ಇದರ ಮೇಲೆಯೂ ತುಕ್ಕುರೋಗದ ಶಿಲೀಂಧ್ರವನ್ನು ಪ್ರಯೋಗಿಸಲಾಯಿತಾದರೂ ಅದು ನೆಲೆಯೂರಲಿಲ್ಲ. ಕ್ವೀನ್ಸ್‌ಲೆಂಡಿನಲ್ಲಿ ಫಲಿಸಿದ ಉಪಾಯವು ಎಲ್ಲೆಡೆಯೂ ಫಲಿಸುವುದೆಂಬ ಭರವಸೆಯಿಲ್ಲ. ಕೇರಳದ ಜನರು ಈ ಬಳ್ಳಿಗೆ ಇಟ್ಟ ಹೆಸರು ಅರ್ಥಗರ್ಭಿತವಾಗಿದೆ: "ಧೃತರಾಷ್ಟ್ರ ಪಚ್ಚ". ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಕುರುಡು ದೊರೆಯು ಭೀಮನೆಂದು ತಿಳಿದು ಕಬ್ಬಿಣದ ಪ್ರತಿಮೆಯನ್ನು ಅಪ್ಪಿ ಪುಡಿಮಾಡಿದ ಪ್ರಸಂಗವನ್ನು ಎಲ್ಲರೂ ಬಲ್ಲರು. ಪ್ರೀತಿಯಂತೆ ತೋರುವ ಆ ಅಪ್ಪುಗೆಯೇ ಈ ಬಳ್ಳಿಯದು.

ಮನೆಯ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಬಳ್ಳಿಗಳಲ್ಲಿ ಮೂರನ್ನು ವಿಶೇಷವಾಗಿ ಹೇಳಬೇಕು. ಮೇಲೆ ವರ್ಣಿಸಿದ ರಬ್ಬರ್ ಬಳ್ಳಿಯು ಬಯಲುಸೀಮೆಯಲ್ಲಿ ತೋಟದಿಂದ ತಪ್ಪಿಸಿಕೊಂಡು ಬೇಲಿಗಳಲ್ಲಿಯೂ ರಸ್ತೆಯ ಬದಿಗಳಲ್ಲಿಯೂ ಬೆಳೆಯುತ್ತಿದೆ; ದನಕರುಗಳನ್ನು ನಂಬಿದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಗುಲಾಬಿ ಬಣ್ಣದ ಹೂಗೊಂಚಲುಗಳ ಹವಳಬಳ್ಳಿ ಅಥವಾ ಮೆಕ್ಸಿಕನ್ ಬಳ್ಳಿಯು ಜೇನ್ನೊಣಗಳಿಗೆ ಪ್ರಿಯವಾದುದು ನಿಜ. ಆದರೆ ನೆಲದೊಳಗೆ ಗೆಡ್ಡೆಗಳನ್ನು ಕಟ್ಟುವುದರಿಂದ ಎಷ್ಟು ಸಲ ಸವರಿದರೂ ಮತ್ತೆ ಚಿಗುರುತ್ತದೆ; ಪೆಸಿಫಿಕ್ ಮತ್ತು ಕೆರಿಬಿಯನ್ ದ್ವೀಪಗಳಲ್ಲಿ ಅದು ದೊಡ್ಡ ಪೀಡೆಯಾಗಿದೆ. ಹಳದಿ ಹೂವಿನ ಬೆಕ್ಕುಗುರು ಬಳ್ಳಿಯು ಮೂರು ಕೊಕ್ಕೆಗಳಿಂದ ಗೋಡೆಯನ್ನು ಹಿಡಿದು ಏರುತ್ತದೆ. ಅದಕ್ಕೂ ಗೆಡ್ಡೆಗಳಿವೆ, ಕಾಗದದಂಥ ರೆಕ್ಕೆಯ ಬೀಜಗಳಿವೆ. ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ನದಿಯ ದಡದ ಹೆಮ್ಮರಗಳನ್ನು ಕೆಡವಿದ ಅಪಕೀರ್ತಿ ಇದರದು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಪರದೇಶದ ಸಸ್ಯವು ಎಷ್ಟೋ ಸಲ ಹತ್ತಾರು ವರ್ಷ ತೆಪ್ಪಗೆ ಇದ್ದು, ಆಮೇಲೆ ಒಮ್ಮೆಗೇ ಹರಡತೊಡಗುತ್ತದೆ. "ಇಪ್ಪತ್ತು ವರ್ಷದಿಂದ ನಮ್ಮ ಅಂಗಳದಲ್ಲಿದೆ, ಏನೂ ಆಗಿಲ್ಲ" ಎಂಬ ಮಾತು ಆದ್ದರಿಂದ ಪೂರ್ಣ ಪ್ರಮಾಣವಾಗಲಾರದು.

ಮನೆಗೆ ಆಗುವ ಹಾನಿ

ಕಾಡಿನ ಮಾತು ಹಾಗಿರಲಿ, ನೆಟ್ಟ ಮನೆಗೂ ಅನಾನುಕೂಲವಿದ್ದೇ ಇದೆ. ಹುಲುಸಾಗಿ ಬೆಳೆಯುವ ಬಳ್ಳಿಯ ಕುಡಿಗಳು ಹೆಂಚುಗಳ ಸಂದಿನಲ್ಲಿ ನುಗ್ಗಿ ಅವನ್ನು ಎತ್ತುತ್ತವೆ. ಮಳೆಗಾಲದಲ್ಲಿ ಮನೆ ಸೋರುತ್ತದೆ. ನೀರಿನ ದೋಣಿಗಳು ಎಲೆಗಳಿಂದ ಕಟ್ಟಿಕೊಳ್ಳುತ್ತವೆ. ಗೋಡೆಯ ಬಿರುಕುಗಳಲ್ಲಿ ಬೇರಿಳಿದು ಗಾರೆ ಸಡಿಲಾಗುತ್ತದೆ. ವಿದ್ಯುತ್ ತಂತಿಯನ್ನು ಸುತ್ತಿಕೊಂಡ ಹಸಿಬಳ್ಳಿಯನ್ನು ಎಳೆಯಹೋಗುವುದು ಪ್ರಾಣಕ್ಕೇ ಅಪಾಯ. ಮಾವು, ತೆಂಗು, ನುಗ್ಗೆಗಳು ಫಲ ಕೊಡುವುದನ್ನು ಕಡಿಮೆ ಮಾಡುತ್ತವೆ. ನೆರೆಮನೆಯ ಗೋಡೆಯನ್ನು ಬಳ್ಳಿ ದಾಟಿದಾಗ ಉಂಟಾಗುವ ಮನಸ್ತಾಪವೂ ಈ ಲೆಕ್ಕಕ್ಕೆ ಸೇರಬೇಕು.

ನೆಡುವ ಮುನ್ನ ಕೇಳಬೇಕಾದುದು

ಹೊಸ ಬಳ್ಳಿಯೊಂದನ್ನು ತರುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದರ ತವರು ಯಾವುದು? ಇತರ ಬೆಚ್ಚನೆಯ ದೇಶಗಳಲ್ಲಿ ಇದು ಪೀಡೆಯೆನಿಸಿದೆಯೇ? ಬೀಜವನ್ನು ಗಾಳಿ, ನೀರು ಅಥವಾ ಹಕ್ಕಿಗಳು ಒಯ್ಯುತ್ತವೆಯೇ? ಗೆಡ್ಡೆಯಿಂದಲೋ ತುಂಡುಗಳಿಂದಲೋ ಮತ್ತೆ ಹುಟ್ಟುತ್ತದೆಯೇ? ದನಕರುಗಳಿಗೆ, ಮಕ್ಕಳಿಗೆ ವಿಷವೇ? ಎರಡನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ, ಉಳಿದವನ್ನು ಕೇಳುವ ಅಗತ್ಯವಿಲ್ಲ. ಅಂಥದನ್ನು ಬಿಡುವುದೇ ಲೇಸು. ಕೃಷಿ ಮತ್ತು ತೋಟಗಾರಿಕೆಯ ಇಲಾಖೆಗಳಲ್ಲಿ, ಕಾಲೇಜುಗಳ ಸಸ್ಯಶಾಸ್ತ್ರ ಅಧ್ಯಾಪಕರಲ್ಲಿ ವಿಚಾರಿಸಿದರೆ ಸರಿಯಾದ ಹೆಸರೂ ಗುಣವೂ ತಿಳಿಯುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯು ಆಕ್ರಮಣಕಾರಿ ವಿದೇಶಿ ಜೀವಜಾತಿಗಳ ಆಮದು, ಮಾರಾಟ ಮೊದಲಾದವುಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಕಾಯಿದೆಯ ಕಣ್ಣು ಪ್ರತಿಯೊಂದು ಹಿತ್ತಲನ್ನೂ ನೋಡಲಾರದು.

ಈಗಾಗಲೇ ನೆಟ್ಟದ್ದಿದ್ದರೆ ಗಾಬರಿಪಡಬೇಕಾಗಿಲ್ಲ, ಉದಾಸೀನವೂ ಸಲ್ಲದು. ಹೂ ಬಿಟ್ಟು ಕಾಯಾಗುವ ಮೊದಲೇ ಬುಡದಲ್ಲಿ ಕತ್ತರಿಸಬೇಕು. ಮರದ ಮೇಲಿರುವುದನ್ನು ಬಲವಂತದಿಂದ ಎಳೆಯದೆ ಅಲ್ಲಿಯೇ ಒಣಗಲು ಬಿಡಬೇಕು. ಎಳೆದರೆ ಕೊಂಬೆಯೂ ಜೊತೆಗೆ ಬರುತ್ತದೆ. ಬುಡವನ್ನು ಅಗೆದು ಗೆಡ್ಡೆಗಳನ್ನು ಪೂರ್ತಿಯಾಗಿ ತೆಗೆಯಬೇಕು. ಕಡಿದ ತುಂಡುಗಳನ್ನು ಹಳ್ಳಕ್ಕೋ ಕೆರೆಯ ಏರಿಗೋ ತಿಪ್ಪೆಗೋ ಎಸೆಯದೆ, ದನಕ್ಕೂ ಹಾಕದೆ, ಕಲ್ಲು ಹಾಸಿನ ಮೇಲೆ ಬಿಸಿಲಿನಲ್ಲಿ ಸಂಪೂರ್ಣ ಒಣಗಿಸಬೇಕು. ರಬ್ಬರ್ ಬಳ್ಳಿಯ ಹಾಲು ಚರ್ಮಕ್ಕೂ ಕಣ್ಣಿಗೂ ಉರಿ ತರುವುದರಿಂದ ಕೈಚೀಲ ಧರಿಸಿ ಕೆಲಸ ಮಾಡಬೇಕು, ಮಕ್ಕಳನ್ನು ದೂರವಿಡಬೇಕು. ಮುಂದಿನ ಎರಡು ಮೂರು ಮಳೆಗಾಲಗಳಲ್ಲಿ ಹೊಸ ಚಿಗುರನ್ನು ಹುಡುಕಿ ಕೀಳುತ್ತಿರಬೇಕು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಮೊದಲ ವರ್ಷ ಎರಡು ಬೆರಳಿನಿಂದ ಕೀಳಬಹುದಾದುದಕ್ಕೆ ಹತ್ತನೆಯ ವರ್ಷ ಕೊಡಲಿ, ಗುದ್ದಲಿಗಳೂ ಸಾಲುವುದಿಲ್ಲ.

ಬಳ್ಳಿಯ ಆಸೆಯನ್ನು ಬಿಡಬೇಕೆಂದೇನೂ ಇದರ ಅರ್ಥವಲ್ಲ. ಮಲ್ಲಿಗೆ, ಜಾಜಿಗಳಿವೆ. ಹಲವು ಮಕ್ಕಳ ತಾಯಿಬೇರೆಂದು ಹಿರಿಯರು ಕರೆಯುತ್ತಿದ್ದ ಶತಾವರಿಯಿದೆ. ಮೈಸೂರಿನ ಹೆಸರನ್ನೇ ಹೊತ್ತ, ಪಶ್ಚಿಮ ಘಟ್ಟದ ಥನ್‌ಬರ್ಜಿಯ ಮೈಸೂರೆನ್ಸಿಸ್ ಇದೆ. ಹಳದಿ ಮತ್ತು ಕೆಂಗಂದು ಬಣ್ಣದ ಅದರ ಜೋಲುವ ಹೂಸರಗಳು ಯಾವ ವಿದೇಶೀ ಬಳ್ಳಿಗೂ ಕಡಿಮೆಯಲ್ಲ, ಅದರ ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ. ವಿಶಾಲವಾದ ಸ್ಥಳವಿದ್ದಲ್ಲಿ ಮಾಧವೀಲತೆಯನ್ನು ಅದರ ಸ್ವಂತ ನಾಡಿನಲ್ಲಿಯೇ ಬೆಳೆಸಬಹುದು. ಇನ್ನು ಬಸಳೆ, ತೊಂಡೆ, ಹೀರೆ, ಅವರೆಗಳು ಅಂದಕ್ಕೂ ಆಯಿತು, ಊಟಕ್ಕೂ ಆಯಿತು.

ಶಾಲೆಗಳ ಹೊಣೆ

ಶಾಲೆಗಳಲ್ಲಿ ವಾರ್ಷಿಕೋತ್ಸವ, ವನಮಹೋತ್ಸವಗಳ ಸಂದರ್ಭದಲ್ಲಿ ಸಸಿ ನೆಡುವುದು ಒಳ್ಳೆಯ ಪದ್ಧತಿ. ದಾನಿಗಳು ಸಸಿಗಳನ್ನು ಕೊಡುತ್ತಾರೆ. ಹಳೆಯ ವಿದ್ಯಾರ್ಥಿಗಳು ತಾವಿರುವ ಊರಿನಿಂದ ಅಪರೂಪದ ಬಳ್ಳಿಯೊಂದನ್ನು ಪ್ರೀತಿಯಿಂದ ತಂದು ಒಪ್ಪಿಸುತ್ತಾರೆ. ಆ ಬಳ್ಳಿಯ ಕಡ್ಡಿಗಳು ಮಕ್ಕಳ ಕೈಯಲ್ಲಿ ಹತ್ತು ಹಳ್ಳಿಗಳಿಗೆ ಹೋಗುತ್ತವೆ. ಒಳ್ಳೆಯದಾದರೆ ಹತ್ತು ಹಳ್ಳಿಗೂ ಒಳ್ಳೆಯದು, ಕೆಟ್ಟದಾದರೆ ಹತ್ತು ಹಳ್ಳಿಗೂ ಕೇಡು. ಆದಕಾರಣ ಶಾಲೆಯ ತೋಟಕ್ಕೆ ಬರುವ ಪ್ರತಿಯೊಂದು ಸಸಿಯ ಹೆಸರನ್ನೂ ತವರನ್ನೂ ಒಂದು ದಫ್ತರಿನಲ್ಲಿ ಬರೆದಿಡುವುದು, ಮೇಲಿನ ಐದು ಪ್ರಶ್ನೆಗಳಿಗೆ ಉತ್ತರವನ್ನು ವಿದ್ಯಾರ್ಥಿಗಳಿಂದಲೇ ಹುಡುಕಿಸುವುದು ಅಧ್ಯಾಪಕರಿಗೆ ಅಸಾಧ್ಯವಾದ ಕೆಲಸವಲ್ಲ. ಸಸ್ಯಶಾಸ್ತ್ರದ ಒಂದು ಪಾಠವೂ ಅದರಿಂದ ನಡೆದಂತಾಗುತ್ತದೆ.

ಇಂದು ಶಾಲೆಯ ಅಂಗಳದಲ್ಲಿ ನೆಡುವ ಬಳ್ಳಿಯ ನೆರಳಿನಲ್ಲಿ ಕುಳಿತುಕೊಳ್ಳುವವರು ಇನ್ನೂ ಹುಟ್ಟದ ಮಕ್ಕಳು. ಅವರ ಕೈಗೆ ಹೂಬುಟ್ಟಿ ಬರಬೇಕೋ ಕೊಡಲಿ ಬರಬೇಕೋ ಎಂಬುದು ಇಂದು ನೆಡುವವರ ವಿಚಾರವನ್ನು ಅವಲಂಬಿಸಿದೆ.